ಜೋಳ ತಿಂದವ ತೋಳ ಆಗಬೇಕಾದರೆ ತಾಟಿನಲ್ಲಿ ಇನ್ನೇನಿರಬೇಕು?

‘ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ.’ ನಮ್ಮ ಕಡೆ ಊಟಕ್ಕೆ ಕೂತಾಗ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮಂದಿಗೆ ಇದನ್ನು ಕೇಳಿದರೆ ಎದೆ ಸ್ವಲ್ಪ ಉಬ್ಬುತ್ತದೆ. ನನಗೂ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಮಾತಿನಲ್ಲಿ ಒಂದು ಅನ್ಯಾಯ ಇದೆ. ಹೆಸರೆಲ್ಲ ಜೋಳಕ್ಕೇ ಹೋಗುತ್ತದೆ. ಹಚ್ಚಿಕೊಂಡು ತಿನ್ನಲು ಪಕ್ಕದಲ್ಲಿ ಕೂತಿರುವ ಕಾಳುಪಲ್ಯ, ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಮೆಂತ್ಯೆ, ನಿಂಬೆಹೋಳು ಇವುಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಅವು ಇಲ್ಲದಿದ್ದರೆ ಜೋಳ ತಿಂದವ ತೋಳ ಆಗುವುದು ದೂರದ ಮಾತು.

ವಿಜಯಪುರದ ಯಾವುದಾದರೂ ಖಾನಾವಳಿಗೆ ಹೋಗಿ ಕೂತುಕೊಳ್ಳಿ. ತಾಟು ಬರುತ್ತದೆ. ಬಿಸಿ ರೊಟ್ಟಿ ಎರಡು, ಬೇಕೆಂದವರಿಗೆ ಕಡಕ್ ರೊಟ್ಟಿ. ಬದನೆಕಾಯಿ ಎಣ್ಣೆಗಾಯಿ, ಮಡಿಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ಒಂದು ಮೂಲೆಯಲ್ಲಿ ಉಳ್ಳಾಗಡ್ಡಿ, ಸವತೆಕಾಯಿ, ಮೆಂತ್ಯೆ ಸೊಪ್ಪು. ಆಮೇಲೆ ಅನ್ನ, ಸಾರು, ಮಜ್ಜಿಗೆ. ಪೋಷಕಾಂಶ ಅಂದರೇನು ಅಂತ ತಿಳಿಯಲು ಬೇರೆ ಪಾಠ ಬೇಕಿಲ್ಲ, ಈ ತಾಟು ಸಾಕು.

ದೇಹಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕಾಗುವುದು ಮೂರು: ಪಿಷ್ಟ-ಸಕ್ಕರೆಯ ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು. ಊಟದ ಶಕ್ತಿ ಬಹುತೇಕ ಸಿಗುವುದು ಈ ಮೂರರಿಂದ. ಒಂದು ಗ್ರಾಂ ಕಾರ್ಬೋಹೈಡ್ರೇಟ್ ಅಥವಾ ಪ್ರೋಟೀನಿನಿಂದ ಸುಮಾರು 4 ಕಿಲೋ ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ 9. ಇನ್ನೊಂದು ಗುಂಪು ವಿಟಮಿನ್ ಮತ್ತು ಖನಿಜಗಳದ್ದು. ಇವು ಬೇಕಾಗುವುದು ಹೆಚ್ಚಾಗಿ ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ. ಇವು ಒಂದು ಕ್ಯಾಲೊರಿಯನ್ನೂ ಕೊಡುವುದಿಲ್ಲ. ಆದರೆ ಇವು ಇಲ್ಲದಿದ್ದರೆ ಮೊದಲಿನ ಮೂರೂ ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ. ಇವುಗಳ ಜೊತೆ ನೀರು, ನಾರು.

ರೊಟ್ಟಿಯಿಂದಲೇ ಶುರು ಮಾಡೋಣ

ಗೋಧಿ ಹಿಟ್ಟಿಗೆ ಜಿಗಿ ಕೊಡುವ ಗ್ಲುಟೆನ್ ಅನ್ನೋ ಪ್ರೋಟೀನ್ ಜೋಳದ ಹಿಟ್ಟಿನಲ್ಲಿ ಇಲ್ಲ. ಗೋಧಿ ಹಿಟ್ಟಿನ ಹಾಗೆ ತಣ್ಣೀರಲ್ಲಿ ಕಲಸಿ ಎಳೆದರೆ ಅದು ಎಳೆಯುವುದಿಲ್ಲ, ಹರಿಯುತ್ತದೆ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಹಾಕುತ್ತಾರೆ. ಬಿಸಿನೀರು ತಾಗಿದ ಕೂಡಲೇ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಹಿಟ್ಟಿಗೆ ಜಿಗಿ ಬರುತ್ತದೆ. ಆ ಜಿಗಿಯ ಬಲದ ಮೇಲೆಯೇ ರೊಟ್ಟಿ ಬಡಿಯಲು ಬರುವುದು. ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದಾಗ ಒಳಗಿನ ನೀರು ಆವಿಯಾಗಿ ರೊಟ್ಟಿ ಉಬ್ಬುತ್ತದೆ. ಪಿಷ್ಟ ಅಲ್ಲಿಗೆ ಪೂರ್ತಿ ಬೆಂದಿರುತ್ತದೆ. ಹಸಿ ಜೋಳವನ್ನು ಜೀರ್ಣಿಸಿಕೊಳ್ಳುವುದು ಕಷ್ಟ. ಬೆಂದ ಪಿಷ್ಟವನ್ನು ಕತ್ತರಿಸುವುದು ದೇಹಕ್ಕೆ ಸುಲಭ.

ಈ ಕತ್ತರಿಸುವ ಕೆಲಸ ಬಾಯಲ್ಲೇ ಶುರುವಾಗುತ್ತದೆ. ಬರೀ ರೊಟ್ಟಿಯ ತುಣುಕನ್ನು, ಏನೂ ಹಚ್ಚದೆ, ಒಂದು ನಿಮಿಷ ಅಗಿದು ನೋಡಿ. ಸಿಹಿ ಬರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟದ ಉದ್ದ ಸರವನ್ನು ತುಂಡರಿಸಿ ಸಣ್ಣ ಸಕ್ಕರೆ ಮಾಡಿದ್ದರ ರುಚಿ ಅದು. ಹೊಟ್ಟೆಯ ಆಮ್ಲಕ್ಕೆ ಸಿಕ್ಕ ಮೇಲೆ ಈ ಕಿಣ್ವದ ಕೆಲಸ ನಿಲ್ಲುತ್ತದೆ. ಮುಂದೆ ಸಣ್ಣ ಕರುಳಿಗೆ ಬಂದಾಗ ಮೇದೋಜೀರಕ ಗ್ರಂಥಿ ಮತ್ತೆ ಅಂಥದ್ದೇ ಕಿಣ್ವ ಸುರಿಯುತ್ತದೆ. ಸುಮಾರು ಆರು ಮೀಟರ್ ಉದ್ದದ ಈ ಕರುಳಿನ ಒಳಮೈ ತುಂಬ ಬೆರಳಿನಂಥ ಸಣ್ಣ ಸಣ್ಣ ಎಳೆಗಳಿವೆ. ಪಿಷ್ಟವೆಲ್ಲ ಗ್ಲೂಕೋಸ್ ಆಗಿ ಅವುಗಳ ಮೂಲಕ ರಕ್ತಕ್ಕೆ ಇಳಿದು, ಮೊದಲು ಲಿವರ್‌ಗೆ ಹೋಗುತ್ತದೆ.

ಒಂದು ವಿಷಯ ಕೇಳಿದರೆ ಎಲ್ಲರಿಗೂ ಆಶ್ಚರ್ಯ ಆಗುತ್ತದೆ. ಆರೋಗ್ಯವಂತರ ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಸಕ್ಕರೆ ಎಷ್ಟು ಗೊತ್ತೇ? ಸುಮಾರು ನಾಲ್ಕೈದು ಗ್ರಾಂ. ಅಂದರೆ ಒಂದು ಟೀ ಚಮಚ. 50 ಗ್ರಾಂ ಹಿಟ್ಟಿನ ಒಂದೇ ರೊಟ್ಟಿಯಿಂದ ಮೂವತ್ತಕ್ಕೂ ಹೆಚ್ಚು ಗ್ರಾಂ ಗ್ಲೂಕೋಸ್ ಬರುತ್ತದೆ. ಮೂರು ರೊಟ್ಟಿ ತಿಂದರೆ ನೂರು ಗ್ರಾಂ. ಇಷ್ಟನ್ನೂ ರಕ್ತದಲ್ಲಿ ಇಟ್ಟುಕೊಂಡು ಕೂರಲು ಆಗುವುದಿಲ್ಲ. ಅದಕ್ಕೇ ಇನ್ಸುಲಿನ್. ರಕ್ತದಲ್ಲಿ ಸಕ್ಕರೆ ಏರುತ್ತಿದ್ದಂತೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಅದು ಬಂದ ಮೇಲೆಯೇ ಸ್ನಾಯುಗಳು ಗ್ಲೂಕೋಸನ್ನು ಚೆನ್ನಾಗಿ ಒಳಗೆ ಎಳೆದುಕೊಳ್ಳುವುದು. ಒಂದಿಷ್ಟು ಆಗಲೇ ಖರ್ಚಾಗುತ್ತದೆ: ಉಸಿರಿನಲ್ಲಿ ಬಂದ ಆಮ್ಲಜನಕದ ಜೊತೆ ಸೇರಿ ಸುಟ್ಟು ಶಕ್ತಿಯಾಗುತ್ತದೆ, ಉಳಿದದ್ದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ತಿನ್ನುತ್ತದೆ. ಒಂದಿಷ್ಟು ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುತ್ತದೆ: ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು. ಅದೂ ತುಂಬಿದ ಮೇಲೆ ಹೆಚ್ಚಾದದ್ದು ಕೊಬ್ಬಿನ ಕಡೆ ಹೋಗುತ್ತದೆ. ಕೊಬ್ಬಿನ ಸಂಗ್ರಹಕ್ಕೆ ಮಾತ್ರ ಮಿತಿ ಅಂತ ಹೇಳುವಂಥದ್ದು ಇಲ್ಲ, ಬೆಲ್ಟಿನ ತೂತು ನೋಡಿದವರಿಗೆ ಗೊತ್ತು.

(ಈ ಗ್ಲೈಕೋಜನ್ ತನ್ನ ಜೊತೆ ಮೂರು ಪಟ್ಟು ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಅನ್ನ-ರೊಟ್ಟಿ ಬಿಟ್ಟವರು ಮೊದಲ ವಾರ ಎರಡು ಕಿಲೋ ಇಳಿದೆ ಅಂತ ಕುಣಿಯುತ್ತಾರಲ್ಲ, ಅದರಲ್ಲಿ ಬಹುಪಾಲು ಈ ನೀರು.)

‘ರೊಟ್ಟಿ ಎಷ್ಟು ತಿಂದ್ರೂ ಶುಗರ್ ಏರಂಗಿಲ್ಲ’ ಅನ್ನುವವರು ಇದ್ದಾರೆ. ಇದು ಅರ್ಧ ನಿಜ. ಜೋಳದಲ್ಲಿ ನಾರು ಜಾಸ್ತಿ, 100 ಗ್ರಾಂಗೆ ಸುಮಾರು 10 ಗ್ರಾಂ. ಬಿಳಿ ಅಕ್ಕಿಯಲ್ಲಿ ಮೂರೂ ಇಲ್ಲ. ಜೋಳದ ಪಿಷ್ಟದ ಕಣಗಳ ಸುತ್ತ ಪ್ರೋಟೀನಿನ ಗಟ್ಟಿ ಹೊದಿಕೆ ಬೇರೆ. ಹಾಗಾಗಿ ರೊಟ್ಟಿಯ ಸಕ್ಕರೆ ಅನ್ನದಷ್ಟು ಅವಸರದಲ್ಲಿ ರಕ್ತಕ್ಕೆ ಇಳಿಯುವುದಿಲ್ಲ. ನಿಧಾನ ಇಳಿಯುತ್ತದೆ, ಆದರೆ ಇಳಿದೇ ಇಳಿಯುತ್ತದೆ. ಡೋಣಿ ನದಿ ಸೀಮೆಯ ಎರೆಹೊಲದಲ್ಲಿ ಇಡೀ ದಿನ ಕಳೆ ತೆಗೆಯುವವರಿಗೆ ನಾಲ್ಕು ರೊಟ್ಟಿ ಲೆಕ್ಕಕ್ಕೇ ಇಲ್ಲ. ಅದೇ ನಾಲ್ಕು ರೊಟ್ಟಿಯನ್ನು ಅಂಗಡಿ ಗಲ್ಲಾದ ಮುಂದೆ ಕೂತವರು ತಿಂದರೆ ಲೆಕ್ಕ ಬೇರೆ. ತಪ್ಪು ರೊಟ್ಟಿಯದ್ದಲ್ಲ.

ಹತ್ತರಲ್ಲಿ ಒಂದು ಪಾಲು, ಆದರೂ ಕೊರತೆ

ಈಗ ಊರಿಗೆರಡು ಜಿಮ್ ಆಗಿವೆ. ಖಾನಾವಳಿಯಲ್ಲೂ ಹುಡುಗರು ಕೇಳುತ್ತಾರೆ, ‘ಇದರಾಗ ಪ್ರೋಟೀನ್ ಎಷ್ಟೈತ್ರಿ?’ ಒಳ್ಳೆಯ ಪ್ರಶ್ನೆ. ಜೋಳದಲ್ಲಿ 100 ಗ್ರಾಂಗೆ 10 ಗ್ರಾಂ ಪ್ರೋಟೀನ್ ಇದೆ. ಅಕ್ಕಿಗಿಂತ ಜಾಸ್ತಿ. ಆದರೆ ಇಲ್ಲಿ ಎಷ್ಟು ಅನ್ನುವುದರ ಜೊತೆ ಎಂಥದ್ದು ಅನ್ನುವುದನ್ನೂ ನೋಡಬೇಕು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ನಮ್ಮ ಮೈಯ ಪ್ರೋಟೀನಿಗೆ ಬೇಕಾಗುವ ಅಮೈನೋ ಆಮ್ಲಗಳು 20. ಅದರಲ್ಲಿ 9ನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಹೊಟ್ಟೆಯಲ್ಲಿ ಆಮ್ಲ ಮತ್ತು ಪೆಪ್ಸಿನ್, ಕರುಳಿನಲ್ಲಿ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಸರವನ್ನು ಬಿಡಿಸಿ ಒಂದೊಂದೇ ಮಣಿ ಮಾಡುತ್ತವೆ. ದೇಹ ಅವನ್ನು ತನಗೆ ಬೇಕಾದ ಕ್ರಮದಲ್ಲಿ ಮತ್ತೆ ಪೋಣಿಸುತ್ತದೆ. ಸ್ನಾಯು, ಚರ್ಮ, ಕೂದಲು, ರಕ್ತದ ಹಿಮೋಗ್ಲೋಬಿನ್, ಈಗ ಹೇಳಿದ ಇನ್ಸುಲಿನ್, ಆ ಕಿಣ್ವಗಳು ಎಲ್ಲವೂ ಹೀಗೆ ಆದವೇ.

ಜೋಳದಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ತೀರ ಕಡಿಮೆ. ಇದರಿಂದ ಏನಾಗುತ್ತದೆ ಅಂದರೆ, ಇಳಕಲ್ಲಿನ ಮಗ್ಗದ ಮೇಲೆ ಒಡಲಿನ ನೂಲು ರಾಶಿ ಬಿದ್ದಿದ್ದರೂ ಸೆರಗಿನ ಕೆಂಪು ರೇಷ್ಮೆ ಮುಗಿದರೆ ಸೀರೆ ಮುಂದೆ ಹೋಗುವುದಿಲ್ಲವಲ್ಲ, ಹಾಗೆ. ಯಾವುದು ಕಡಿಮೆಯೋ ಅದೇ ಎಷ್ಟು ಸೀರೆ ಅಂತ ತೀರ್ಮಾನಿಸುತ್ತದೆ. ಉಳಿದ ಅಮೈನೋ ಆಮ್ಲಗಳನ್ನು ದೇಹ ಎತ್ತಿಡುವುದಿಲ್ಲ. ಪ್ರೋಟೀನಿಗೆ ಕೊಬ್ಬಿನ ಹಾಗೆ ಸಂಗ್ರಹದ ಜಾಗವೇ ಇಲ್ಲ. ಸಾರಜನಕದ ಭಾಗವನ್ನು ಲಿವರ್ ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ, ಉಳಿದದ್ದನ್ನು ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ.

ಹೆಸರು, ಮಡಿಕಿ, ತೊಗರಿ, ಕಡಲೆ ಇವುಗಳಲ್ಲಿ ಲೈಸಿನ್ ಧಾರಾಳ. ಅವುಗಳಲ್ಲಿ ಕಡಿಮೆ ಇರುವುದು ಮೆಥಿಯೋನಿನ್, ಅದು ಜೋಳದಲ್ಲಿ ಸಾಕಷ್ಟಿದೆ. ರೊಟ್ಟಿಗೆ ಕಡಲೆಹಿಟ್ಟಿನ ಝುಣಕ, ರೊಟ್ಟಿಗೆ ಕಾಳುಪಲ್ಯ ಅನ್ನುವ ಜೋಡಿಯ ಒಳಗುಟ್ಟು ಇದೇ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕು ಅಂತೇನೂ ಇಲ್ಲ. ಒಂದು ದಿನದೊಳಗೆ ಎರಡೂ ಬಂದರೆ ಸಾಕು.

ಲೆಕ್ಕ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 50 ಗ್ರಾಂ. ಮೂರು ರೊಟ್ಟಿಯಿಂದ 15 ಗ್ರಾಂ ಬಂತು. 40 ಗ್ರಾಂ ಒಣ ಕಾಳಿನ ಪಲ್ಯದಿಂದ 8. ಎರಡು ಚಮಚ ಶೇಂಗಾ ಹಿಂಡಿಯಿಂದ ನಾಲ್ಕು, ಒಂದು ಬಟ್ಟಲು ಮೊಸರಿನಿಂದ ಮೂರ್ನಾಲ್ಕು. ಒಟ್ಟು ಮೂವತ್ತರ ಮೇಲೆ. ಇಂಥ ಎರಡು ಊಟ ಆದರೆ ಸಾಮಾನ್ಯ ಮನುಷ್ಯನಿಗೆ ಸಾಕು, ಡಬ್ಬಿಯ ಪುಡಿ ಬೇಕಿಲ್ಲ. ಆದರೆ ಅವಸರದಲ್ಲಿ ಮೂರು ರೊಟ್ಟಿ, ಕೆಂಪು ಖಾರ, ಮೇಲೆ ಒಂದಿಷ್ಟು ಎಣ್ಣೆ ಹಾಕಿಕೊಂಡು ಎದ್ದವರಿಗೆ ಸಿಕ್ಕಿದ್ದು 15 ಗ್ರಾಂ ಮಾತ್ರ, ಅದೂ ಲೈಸಿನ್ ಕಡಿಮೆ ಇರುವ 15. ಹೊಟ್ಟೆ ತುಂಬಿದ್ದು ಎರಡೂ ಕಡೆ ಒಂದೇ.

ಬರೀ ಜೋಳದ ಮೇಲೆ ಬದುಕಿದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಹಳೆಯ ಸಾಕ್ಷಿಯಿದೆ. ದಖನ್ನಿನ ಜೋಳದ ಸೀಮೆಯ ಬಡ ಕೂಲಿಕಾರರಲ್ಲಿ ಪೆಲಾಗ್ರಾ ಅನ್ನೋ ರೋಗ ಕಾಣುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ಆಮೇಲೆ ತಲೆ ಕೆಡುವುದು. ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕೊರತೆ ಅದು. ಜೋಳದಲ್ಲಿ ವಿಪರೀತ ಇರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣ ಎಂದು 1960ರ ಸುಮಾರಿಗೆ ಪೋಷಣಾ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ವಾದ ಮುಂದಿಟ್ಟರು. ಆ ವಾದದ ಬಗ್ಗೆ ಆಮೇಲೆ ಚರ್ಚೆ ಸಾಕಷ್ಟು ನಡೆಯಿತು. ಊಟದಲ್ಲಿ ಬಗೆಬಗೆ ಪದಾರ್ಥ ಬಂದಂತೆ ರೋಗ ಅಪರೂಪ ಆಯಿತು. ಜೋಳ ಅದೇ ಜೋಳ. ಬದಲಾಗಿದ್ದು ಪಕ್ಕದಲ್ಲಿದ್ದದ್ದು.

ಶಾಲೆ ಮಕ್ಕಳ ವಿಷಯ ಇಲ್ಲಿ ಹೇಳಲೇಬೇಕು. 2021ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು. ತತ್ತಿ ತಿನ್ನದವರಿಗೆ ಬಾಳೆಹಣ್ಣು. ಯಾರ ಮನೆಯ ಪದ್ಧತಿ ಅವರಿಗೆ, ಅದರಲ್ಲಿ ತಕರಾರಿಲ್ಲ. ಆದರೆ ಲೆಕ್ಕ ಲೆಕ್ಕವೇ. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್, ಒಂಬತ್ತೂ ಅಮೈನೋ ಆಮ್ಲ ಒಳ್ಳೆಯ ಪ್ರಮಾಣದಲ್ಲಿ. ಬಾಳೆಹಣ್ಣಿನಲ್ಲಿ 1 ಗ್ರಾಂ. ಬಾಳೆಹಣ್ಣು ಒಳ್ಳೆಯದೇ, ಆದರೆ ತತ್ತಿಯ ಬದಲಿಗೆ ಅದು ಸಾಟಿ ಅಲ್ಲ. ತತ್ತಿ ಒಲ್ಲೆ ಅನ್ನುವ ಮನೆಯವರು ಅಷ್ಟು ಹಾಲು, ಕಾಳು, ಶೇಂಗಾ ಮಗುವಿನ ತಾಟಿಗೆ ಬೇರೆ ಕಡೆಯಿಂದ ತರಬೇಕು.

ಹಿಂಡಿ ಅಂದರೆ ಬರೀ ರುಚಿಗಲ್ಲ

ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 40 ಗ್ರಾಂ ಕೊಬ್ಬು. ಗುರೆಳ್ಳು ಕೂಡ ಅದರ ಹತ್ತಿರವೇ. ಕೊಬ್ಬು ಅಂದ ಕೂಡಲೇ ಈಗ ಎಲ್ಲರೂ ಹೆದರುತ್ತಾರೆ. ಆದರೆ ದೇಹದ ಪ್ರತಿ ಜೀವಕೋಶದ ಹೊರಪೊರೆ ಕೊಬ್ಬಿನದ್ದೇ. ಹಲವು ಹಾರ್ಮೋನುಗಳು ಕೊಬ್ಬಿನ ಜಾತಿಯವೇ. ವಿಟಮಿನ್ ಎ, ಡಿ, ಇ, ಕೆ ಈ ನಾಲ್ಕೂ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ರಾಜಗಿರಿ, ಮೆಂತ್ಯೆ ಸೊಪ್ಪಿನಲ್ಲಿ ಇರುವ ಕ್ಯಾರೊಟೀನ್ ನಮ್ಮ ಮೈಯೊಳಗೆ ವಿಟಮಿನ್ ಎ ಆಗಬೇಕಾದರೆ ಅದೇ ಊಟದಲ್ಲಿ ಚೂರು ಎಣ್ಣೆ ಇರಬೇಕು. ಪಲ್ಯಕ್ಕೆ ಒಗ್ಗರಣೆ, ಹಸಿ ಮೆಂತ್ಯೆಯ ಪಚಡಿಗೆ ಮೇಲೆ ಒಂದು ಚಮಚ ಎಣ್ಣೆ ಹಾಕುತ್ತೇವಲ್ಲ, ಅಷ್ಟು ಸಾಕು.

ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಹಾಗಾಗಿ ಕರುಳಿಗೆ ಇದು ತುಸು ಗೋಳಿನ ಕೆಲಸ. ಲಿವರ್ ಮಾಡುವ ಪಿತ್ತರಸ ಮೊದಲು ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಆಮೇಲೆ ಲೈಪೇಸ್ ಕಿಣ್ವ ಅದನ್ನು ಬಿಡಿಸುತ್ತದೆ. ಸಕ್ಕರೆ, ಅಮೈನೋ ಆಮ್ಲಗಳು ನೇರ ರಕ್ತಕ್ಕೆ ಹೋದರೆ, ಕೊಬ್ಬು ಬಹುಪಾಲು ದುಗ್ಧನಾಳಗಳ ಸುತ್ತು ದಾರಿ ಹಿಡಿದು ಆಮೇಲೆ ರಕ್ತ ಸೇರುತ್ತದೆ. ಸಮಯ ಹಿಡಿಯುತ್ತದೆ. ಎಣ್ಣೆಗಾಯಿ ಊಟ ಮಾಡಿದ ಮೇಲೆ ಸಂಜೆಯವರೆಗೆ ಹಸಿವಾಗದಿರಲು ಇದೂ ಒಂದು ಕಾರಣ.

ನಮ್ಮ ಕಡೆ ಮೊದಲು ಜೋಳದ ಹೊಲದಲ್ಲೇ ಅಕ್ಕಡಿ ಸಾಲಿನಲ್ಲಿ ಕುಸುಬಿ ಹಾಕುತ್ತಿದ್ದರು. ಗಾಣದ ಕುಸುಬಿ ಎಣ್ಣೆಯೇ ಮನೆಯ ಎಣ್ಣೆ. ಅದರಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ, ದೇಹಕ್ಕೆ ಬೇಕೇಬೇಕಾದ ಒಮೆಗಾ-6. ಜೋಡಿಯಾಗಿ ಬೇಕಾದ ಒಮೆಗಾ-3 ಇರುವುದು ಅಗಸಿಯಲ್ಲಿ, ಅದರ ಎಣ್ಣೆಯ ಅರ್ಧ ಭಾಗ ಅದೇ. ಅಗಸಿಯನ್ನು ಇಡಿಯಾಗಿ ನುಂಗಿದರೆ ಮಾತ್ರ ಪ್ರಯೋಜನ ಇಲ್ಲ, ಗಟ್ಟಿ ಸಿಪ್ಪೆಯ ಸಮೇತ ಹಾಗೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿ ಹಿಂಡಿ ಮಾಡಿದರೆ ಒಳಗಿನದು ದಕ್ಕುತ್ತದೆ. ಹಿಂಡಿಯ ಮಿತಿಯನ್ನೂ ಹೇಳಿಬಿಡುತ್ತೇನೆ: ಎರಡು ಚಮಚ ಊಟಕ್ಕೆ ಬಲ, ಎಣ್ಣೆ ಕಲಸಿ ಅರ್ಧ ಬಟ್ಟಲು ತಿಂದರೆ ಅದು ಇನ್ನೊಂದು ಊಟ. ಕರದಂಟಿಗೂ ಇದೇ ಮಾತು. ಅಮೀನಗಡದ್ದಾಗಲಿ ಗೋಕಾಕದ್ದಾಗಲಿ, ಬಾಣಂತಿಗೆ ಕೊಡುವುದಕ್ಕೂ ಟಿವಿ ಮುಂದೆ ಕೂತು ಡಬ್ಬಿ ಖಾಲಿ ಮಾಡುವುದಕ್ಕೂ ಫರಕಿದೆ.

ಊಟ ಆದ ಕೂಡಲೇ ಚಹಾ

ಇದರ ಮೇಲೆ ನನಗೆ ತುಸು ಸಿಟ್ಟಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೈಯಲ್ಲಿ ಇರುವ ಕಬ್ಬಿಣ ಒಟ್ಟು ಮೂರರಿಂದ ನಾಲ್ಕು ಗ್ರಾಂ. ಒಂದು ಸಣ್ಣ ಮೊಳೆಯಷ್ಟು. ಅದರ ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿ ಕೂತು ಆಮ್ಲಜನಕ ಹೊರುತ್ತದೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಹಳೆಯ ಕಣ ಸತ್ತಾಗ ದೇಹ ಅದರ ಕಬ್ಬಿಣವನ್ನು ಬಿಸಾಡುವುದಿಲ್ಲ, ತೆಗೆದು ಹೊಸ ಕಣಕ್ಕೆ ಹಾಕುತ್ತದೆ. ಹಾಗಾಗಿ ಊಟದಿಂದ ದಿನಕ್ಕೆ ರಕ್ತಕ್ಕೆ ಇಳಿಯಬೇಕಾದದ್ದು ಒಂದೆರಡು ಮಿಲಿಗ್ರಾಂ ಅಷ್ಟೇ. ಆದರೂ ತಿನ್ನಬೇಕಾದದ್ದು ಗಂಡಸರು 19, ಹೆಂಗಸರು 29 ಮಿಲಿಗ್ರಾಂ. ಯಾಕಿಷ್ಟು ಅಂತರ? ಕಾಳುಕಡ್ಡಿ, ಸೊಪ್ಪಿನ ಕಬ್ಬಿಣದಲ್ಲಿ ತುಂಬಾ ಸಣ್ಣ ಪಾಲು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಮಾಂಸದ ಕಬ್ಬಿಣ ಇದಕ್ಕಿಂತ ಸಲೀಸಾಗಿ ಇಳಿಯುತ್ತದೆ.

ಜೋಳದಲ್ಲಿ 100 ಗ್ರಾಂಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣ, ಸಜ್ಜೆಯಲ್ಲಿ 6ರ ಮೇಲೆ. ಬಿಳಿ ಅಕ್ಕಿಯಲ್ಲಿ ಒಂದೂ ಇಲ್ಲ. ಕಾಗದದ ಮೇಲೆ ನಾವು ಗೆದ್ದೆವು. ಆದರೆ ಜೋಳ, ಕಾಳುಗಳಲ್ಲಿ ಫೈಟೇಟ್ ಅನ್ನೋ ವಸ್ತುವೂ ಇದೆ. ಬೀಜ ಮುಂದೆ ಮೊಳೆಯುವಾಗ ಬೇಕು ಅಂತ ರಂಜಕವನ್ನು ಕೂಡಿಟ್ಟುಕೊಂಡ ರೂಪ ಅದು. ಕಬ್ಬಿಣ, ಸತು ಎರಡನ್ನೂ ಅದು ಹಿಡಿದುಕೊಂಡು ಬಿಡುವುದಿಲ್ಲ. ಇದರ ಮೇಲೆ ಊಟ ಮುಗಿದು ಕೈ ತೊಳೆಯುವಷ್ಟರಲ್ಲಿ ಒಂದು ಕಪ್ ಚಹಾ. ಚಹಾದ ಟ್ಯಾನಿನ್‌ಗಳು ಉಳಿದ ಕಬ್ಬಿಣವನ್ನೂ ಕಟ್ಟಿಹಾಕುತ್ತವೆ. ಹೀರಿಕೆ ಅರ್ಧಕ್ಕೆ ಇಳಿಯಬಹುದು, ಕೆಲವೊಮ್ಮೆ ಇನ್ನೂ ಕೆಳಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎಲ್ಲ ಪಾಪವನ್ನೂ ಚಹಾದ ತಲೆಗೆ ಕಟ್ಟುವುದಿಲ್ಲ. ಮುಟ್ಟಿನ ಸ್ರಾವ, ಹೆರಿಗೆ, ಜಂತುಹುಳ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ರೂಢಿ ಎಲ್ಲವೂ ಇದೆ. ಆದರೆ ಚಹಾವನ್ನು ಒಂದು ಗಂಟೆ ಮುಂದೆ ಹಾಕಲು ಒಂದು ಪೈಸೆ ಖರ್ಚಿಲ್ಲ.

ಕಟ್ಟು ಬಿಚ್ಚುವ ಕೆಲಸಕ್ಕೆ ಮದ್ದೂ ತಾಟಿನಲ್ಲೇ ಇದೆ, ನಿಂಬೆಹೋಳು. ಅದರ ವಿಟಮಿನ್ ಸಿ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುವ ರೂಪಕ್ಕೆ ತಿರುಗಿಸುತ್ತದೆ, ಫೈಟೇಟ್ ಹಿಡಿತದಿಂದಲೂ ಬಿಡಿಸುತ್ತದೆ. ಇಂಡಿ ತಾಲ್ಲೂಕಿನ ನಿಂಬೆಗೆ ದೇಶದ ತುಂಬ ಹೆಸರು, ಲಾರಿಗಟ್ಟಲೆ ಹೊರಗೆ ಹೋಗುತ್ತದೆ. ನಮ್ಮ ತಾಟಿನಲ್ಲಿ ಮಾತ್ರ ಅದನ್ನು ಹಾಗೇ ಬಿಟ್ಟು ಏಳುವವರು ಎಷ್ಟೋ. ನಿಂಬೆ ಹಿಂಡಿಕೊಂಡು ತಿನ್ನಿ. ಕುದಿಯುವ ಪಲ್ಯಕ್ಕೆ ಹಿಂಡಬೇಡಿ, ಬಿಸಿಗೆ ವಿಟಮಿನ್ ಸಿ ಕೆಡುತ್ತದೆ. ಒಲೆಯಿಂದ ಇಳಿಸಿ, ತಾಟಿಗೆ ಬಂದ ಮೇಲೆ ಹಿಂಡಬೇಕು.

ಇನ್ನೊಂದು ಉಪಾಯ ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು. ಮೊಳಕೆ ಒಡೆಯುವಾಗ ಬೀಜದೊಳಗಿನ ಫೈಟೇಸ್ ಎಂಬ ಕಿಣ್ವ ಎದ್ದು ಫೈಟೇಟನ್ನು ಒಡೆಯುತ್ತದೆ. ಜೊತೆಗೆ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ. ಮಡಿಕಿಕಾಳಿಗೆ ಮೊಳಕೆ ಬರಿಸಿಯೇ ಪಲ್ಯ ಮಾಡುತ್ತಿದ್ದ ನಮ್ಮ ಹಿರಿಯರು ಫೈಟೇಸ್ ಹೆಸರು ಕೇಳಿರಲಿಲ್ಲ. ಬೇಗ ಬೇಯುತ್ತದೆ, ರುಚಿ ಬರುತ್ತದೆ ಅಂತ ಮಾಡುತ್ತಿದ್ದರು. ಪುಂಡಿ ಪಲ್ಯದಂಥ ಹುಳಿ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಊಟಕ್ಕೆ ಬರುತ್ತದೆ. ಹಿಮೋಗ್ಲೋಬಿನ್ ತೀರ ಕೆಳಗಿದ್ದವರು ಮಾತ್ರ ನಿಂಬೆ, ಬಾಣಲೆ ನಂಬಿಕೊಂಡು ಕೂರಬಾರದು. ಅವರಿಗೆ ಡಾಕ್ಟರ್ ಕೊಟ್ಟ ಗುಳಿಗೆಯೇ ಬೇಕು.

ಗಿಡದಲ್ಲಿ ಸಿಗದ ಒಂದು

ಸಸ್ಯಾಹಾರಿ ಮನೆಗಳು ನಮ್ಮಲ್ಲಿ ಬಹಳ. ಹಾಗಾಗಿ ಬಿ12 ಬಗ್ಗೆ ಒಂದು ಮಾತು. ಈ ವಿಟಮಿನ್ ಮಾಡುವುದು ಬ್ಯಾಕ್ಟೀರಿಯಾ. ಜೋಳ, ಕಾಳು, ಸೊಪ್ಪು, ಹಣ್ಣು ಯಾವುದರಲ್ಲೂ ಇದು ನಂಬುವಷ್ಟು ಇಲ್ಲ. ಮಾಂಸ, ಮೀನು, ತತ್ತಿ, ಹಾಲಿನಲ್ಲಿ ಇದೆ. ರಕ್ತಕಣ ಬೆಳೆಯಲು, ನರಗಳ ಹೊದಿಕೆ ಗಟ್ಟಿ ಇರಲು ಇದು ಬೇಕು. ಬೇಕಾಗುವುದು ದಿನಕ್ಕೆ ಎರಡು ಮೈಕ್ರೋಗ್ರಾಂ ಆಸುಪಾಸು, ಲಿವರ್‌ನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹ ಇರುತ್ತದೆ. ಅದಕ್ಕೇ ಕೊರತೆ ತಡವಾಗಿ ಗೊತ್ತಾಗುತ್ತದೆ. ಅಂಗಾಲು ಜುಮ್ಮೆನ್ನುವುದು, ಸುಸ್ತು, ಮರೆವು. ‘ವಯಸ್ಸಾಯ್ತು’ ಅಂತ ಸುಮ್ನೆ ಬಿಡುವ ಎಷ್ಟೋ ಜನರಿಗೆ ಒಂದು ರಕ್ತಪರೀಕ್ಷೆ ಬೇಕಿರುತ್ತದೆ. ತಾಟಿನಲ್ಲಿರುವ ಗಟ್ಟಿ ಮೊಸರು ಸಸ್ಯಾಹಾರಿಗಳಿಗೆ ಎಷ್ಟು ಮುಖ್ಯ ಅಂತ ಇದರಿಂದ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಕೂಡ ಅಲ್ಲೇ. ಎಳ್ಳಿನಲ್ಲಿ ಕ್ಯಾಲ್ಸಿಯಂ ರಾಶಿ ಇದೆ ಅನ್ನುವುದು ನಿಜ. ಆದರೆ ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದರ ಬಹುಪಾಲನ್ನು ಬಿಡುವುದಿಲ್ಲ, ಹಾಲು-ಮೊಸರಿನ ಕ್ಯಾಲ್ಸಿಯಂನಷ್ಟು ಅದು ಮೈಗೆ ಹತ್ತದು.

ವಿಟಮಿನ್ ಡಿ ಊಟದಲ್ಲಿ ಹುಡುಕಬೇಡಿ, ಸಿಗುವುದು ಅಪರೂಪ. ಚರ್ಮಕ್ಕೆ ಬಿಸಿಲು ತಾಗಬೇಕು. ಬಿಸಿಲಿಗೆ ನಮ್ಮಲ್ಲಿ ಬರಗಾಲ ಇಲ್ಲ. ಗಾಜಿನ ಕಿಟಕಿಯ ಹಿಂದೆ ಕೂತರೆ ಮಾತ್ರ ಆಗುವುದಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಮಜ್ಜಿಗೆ, ಉಪ್ಪು, ಏಪ್ರಿಲ್ ತಿಂಗಳು

ವಿಜಯಪುರದ ಬೇಸಿಗೆಯಲ್ಲಿ ಪಾರಾ 40 ದಾಟುವುದು ಹೊಸದೇನಲ್ಲ. ಬೆವರಿನಲ್ಲಿ ನೀರಿನ ಜೊತೆ ಸೋಡಿಯಂ ಹೋಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಸರಿಯಾಗಿದ್ದರೆ ಮಾತ್ರ ನರದಲ್ಲಿ ಸಂದೇಶ ಓಡುವುದು, ಸ್ನಾಯು ಹಿಗ್ಗಿ ಕುಗ್ಗುವುದು. ಬರೀ ನೀರು ಮೇಲಿಂದ ಮೇಲೆ ಕುಡಿದರೆ ಕಳೆದುಹೋದ ಉಪ್ಪು ವಾಪಸ್ ಬರುವುದಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಇಲ್ಲಿ ಸರಿಯಾದ ಕೆಲಸ ಮಾಡುತ್ತದೆ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಟ್ಟಿಗೆ ಒಳಗೆ ಹೋಗುವ ದಾರಿಯೊಂದಿದೆ, ಅವೆರಡು ಹೋದರೆ ನೀರು ಬೆನ್ನ ಹಿಂದೆಯೇ ಹೋಗುತ್ತದೆ. ಭೇದಿಗೆ ಕೊಡುವ ಓಆರ್‌ಎಸ್ ಕೆಲಸ ಮಾಡುವುದು ಇದೇ ದಾರಿಯಲ್ಲಿ. ಸಕ್ಕರೆ, ಉಪ್ಪು ಎರಡೂ ಇರುವುದಕ್ಕೆ ಕಾರಣ ಇದು, ರುಚಿಗಲ್ಲ.

ಆದರೆ ಉಪ್ಪಿಗೆ ದಿನಕ್ಕೆ 5 ಗ್ರಾಂ ಮಿತಿ ಅಂತ ಹೇಳುತ್ತಾರೆ, ಒಂದು ಟೀ ಚಮಚ. ಪಲ್ಯದಲ್ಲಿ ಉಪ್ಪು, ಹಿಂಡಿಯಲ್ಲಿ ಉಪ್ಪು, ಕೆಂಪು ಖಾರದಲ್ಲಿ ಉಪ್ಪು, ಉಪ್ಪಿನಕಾಯಿಯ ಮಾತು ಬೇರೆ, ಹಪ್ಪಳ, ಸಂಡಿಗೆ. ಖಾನಾವಳಿ ತಾಟಿನ ದೊಡ್ಡ ಲೋಪ ನನ್ನ ಪ್ರಕಾರ ಇದೇ. ಬಿಪಿ ಇದ್ದವರು ಒಂದೇ ಊಟದಲ್ಲಿ ಗೊತ್ತಾಗದಂತೆ ಗಡಿ ದಾಟಿಬಿಡುತ್ತಾರೆ.

ಕೊನೆಯ ನಿಲ್ದಾಣ

ಸಣ್ಣ ಕರುಳು ಮುಗಿಯುವಷ್ಟರಲ್ಲಿ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಬಹುಪಾಲು ವಿಟಮಿನ್ ಇಳಿದು ಆಗಿರುತ್ತದೆ. ಉಳಿದದ್ದು ನಾರು. ಅದನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಇದೆ. ಅವು ನಾರನ್ನು ಹುಳಿ ಬರಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳಿಗೆ ಮುಖ್ಯ ಆಹಾರ ಅದೇ. ಕರಗದ ನಾರು ಮಲಕ್ಕೆ ತೂಕ ಕೊಟ್ಟು ಮುಂದೆ ಸರಿಸುತ್ತದೆ. ಮೂರು ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ ತಿಂದವರಿಗೆ ಮಲಬದ್ಧತೆಯ ಪುಡಿ ಸಾಮಾನ್ಯವಾಗಿ ಬೇಕಾಗುವುದಿಲ್ಲ, ನೀರು ಸಾಕಷ್ಟು ಕುಡಿದಿದ್ದರೆ.

ಇದನ್ನೆಲ್ಲ ಓದಿ ನಾಳೆಯಿಂದಲೇ ನಾಲ್ಕನೇ ರೊಟ್ಟಿ ಬಿಟ್ಟು ಎರಡು ಬಟ್ಟಲು ಕಾಳುಪಲ್ಯ ಹಾಕಿಸಿಕೊಳ್ಳುವ ಉತ್ಸಾಹ ಬಂದಿದ್ದರೆ ಸ್ವಲ್ಪ ತಡೆಯಿರಿ. ಕಾಳಿನಲ್ಲಿ ರ‍್ಯಾಫಿನೋಸ್ ಅನ್ನೋ ಸಕ್ಕರೆ ಇದೆ. ಅದನ್ನೂ ನಾವು ಜೀರ್ಣಿಸಿಕೊಳ್ಳಲಾರೆವು, ಬ್ಯಾಕ್ಟೀರಿಯಾಗಳೇ ತಿಂದು ಗ್ಯಾಸ್ ಬಿಡುತ್ತವೆ. ರೂಢಿ ಇಲ್ಲದ ಕರುಳಿಗೆ ಒಂದೆರಡು ವಾರ ಸಮಯ ಬೇಕು. ಅರ್ಧ ಬಟ್ಟಲಿನಿಂದ ಶುರು ಮಾಡಿ, ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ. ಕಿಡ್ನಿ ತೊಂದರೆ ಇದ್ದವರು ಮೊದಲು ತಮ್ಮ ಡಾಕ್ಟರನ್ನು ಕೇಳಿ, ಅವರ ಪ್ರೋಟೀನಿನ ಲೆಕ್ಕವೇ ಬೇರೆ. ಮತ್ತೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ದಿನ ಮಾತ್ರ ಮಡಿಕಿಕಾಳಿನ ಹೊಸ ಪ್ರಯೋಗ ಬೇಡ.